ಒಂದು ಸಲಕ್ಕೆ ಒಂದೇ ತಿರುಪು

ಗುಂಡಿ ಎಂದರೆ ಅಂಗಿಯ ಗುಂಡಿ, ರಸ್ತೆಯ ಗುಂಡಿಯಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಹೊಸಬರು ಯಾರೇ ಬರಲಿ, ಆ ಹೆಸರಿನ ಹುಡುಗಿ ಬಾಗಿಲಲ್ಲೇ ತಡೆದು ಈ ವ್ಯತ್ಯಾಸ ವಿವರಿಸಿಯೇ ಒಳಗೆ ಬಿಡುತ್ತಿದ್ದಳು. ಅವಳ ಅಮ್ಮ ದರ್ಜಿ. ಹುಟ್ಟಿದಾಗ ಮಗು ಹೊಲಿಗೆ ಡಬ್ಬಿಯಲ್ಲಿ ಮಲಗಿಸುವಷ್ಟೇ ಇತ್ತಂತೆ, ಹೆಸರು ಹಾಗೇ ಅಂಟಿಕೊಂಡಿತು. ಈಗ ಆರು ವರ್ಷ, ಹದಿನಾರು ಕಿಲೋ ಇನ್ನೂರು ಗ್ರಾಂ. ಆ ಇನ್ನೂರು ಗ್ರಾಮನ್ನೂ ಬಿಡದೆ ಹೇಳುವುದಕ್ಕೆ ಕಾರಣ ಅವಳ ಅಪ್ಪ. ಅವನು ತಕ್ಕಡಿ ರಿಪೇರಿ ಮಾಡುವವನು, ಬೀದಿಯವರಿಗೆಲ್ಲ ತಕ್ಕಡಿಯಣ್ಣ. ಪ್ರತಿ ಭಾನುವಾರ ಮಗಳನ್ನು ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿ, "ಅಲ್ಲಾಡಬೇಡ, ಮುಳ್ಳಿಗೆ ತಲೆ ತಿರುಗುತ್ತೆ" ಎಂದು ಗದರಿಸಿ ತೂಗುವುದು ಅವನ ಪದ್ಧತಿ.

ಎರಡು ತಿಂಗಳ ಹಿಂದೆ ದಿನವೆಲ್ಲ ಕುಣಿದು, ಊಟ ಬೇಡವೆಂದು ಹಠ ಹಿಡಿದು ಮಲಗಿದ ಗುಂಡಿ ಬೆಳಿಗ್ಗೆ ಏಳಲಿಲ್ಲ. ಅಲುಗಾಡಿಸಿದರೆ ಕಣ್ಣು ಬಿಟ್ಟಳು, ನೋಟ ಮಾತ್ರ ಎಲ್ಲೋ ಇತ್ತು. ಹಣೆ ತಣ್ಣಗೆ ಬೆವರಿತ್ತು, ಮಾತು ತೊದಲುತ್ತಿತ್ತು. ತಕ್ಕಡಿಯಣ್ಣ ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯ ಚಪ್ಪಲಿ ಮೆಟ್ಟಿಕೊಂಡು ಮಗಳನ್ನು ಹೊತ್ತು ಆಸ್ಪತ್ರೆಗೆ ಓಡಿದ. ರಕ್ತದಲ್ಲಿ ಎಪ್ಪತ್ತರ ಮೇಲಿರಬೇಕಾದ ಸಕ್ಕರೆ ಮೂವತ್ತೆಂಟಕ್ಕೆ ಇಳಿದಿತ್ತು. ಗ್ಲುಕೋಸ್ ಏರಿಸಿದ ಹತ್ತೇ ನಿಮಿಷಕ್ಕೆ ಅವಳು ಅವನ ಪಾದ ನೋಡಿ, "ಅಪ್ಪ, ಅಮ್ಮನ ಚಪ್ಪಲಿ ಯಾಕೆ ಹಾಕ್ಕೊಂಡಿದೀಯ?" ಎಂದಳು. ಅಳುವೂ ನಗುವೂ ಒಟ್ಟಿಗೇ ನುಗ್ಗಿ ಬಂದು ಅವನು ಗೋಡೆಯ ಕಡೆ ಮುಖ ತಿರುಗಿಸಿ ನಿಂತುಬಿಟ್ಟ.

ಆಮೇಲೆ ಪರೀಕ್ಷೆಗಳ ಮೇಲೆ ಪರೀಕ್ಷೆ. ಕೊನೆಗೆ ಡಾಕ್ಟರಮ್ಮ ಕಾಗದಗಳನ್ನೆಲ್ಲ ಜೋಡಿಸಿಟ್ಟು ಹೇಳಿದರು: "ದೊಡ್ಡ ಕಾಯಿಲೆ ಯಾವುದೂ ಕಾಣ್ತಿಲ್ಲ. ಇಂಥದ್ದೇ ಕಾರಣ ಅಂತ ಹೇಳೋಕೂ ಆಗ್ತಿಲ್ಲ. ಸಣ್ಣ ಮೈಯ ಕೆಲವು ಮಕ್ಕಳಿಗೆ ಹೊಟ್ಟೆ ತುಂಬಾ ಹೊತ್ತು ಖಾಲಿ ಇದ್ರೆ ಹೀಗಾಗುತ್ತೆ. ಬೆಳೀತಾ ಬೆಳೀತಾ ಸರಿಹೋಗೋದೂ ಉಂಟು. ಅಲ್ಲೀವರೆಗೂ ಊಟ ತಪ್ಪಿಸಬೇಡಿ. ಮಲಗೋ ಮುಂಚೆ ಕಾರ್ನ್‌ಫ್ಲೋರ್, ನಾನು ಬರೆದುಕೊಟ್ಟ ಅಳತೆಯಷ್ಟೇ, ಬೇಯಿಸದೆ ತಣ್ಣಗಿನ ಹಾಲಲ್ಲಿ ಕಲಸಿ ಕುಡಿಸಿ. ಅದು ನಿಧಾನಕ್ಕೆ ಕರಗಿ ಬೆಳಗಿನವರೆಗೂ ಕೈಹಿಡಿಯುತ್ತೆ."

ಮನೆಯಲ್ಲಿ ಇದನ್ನು ಕೇಳಿದ ಅಜ್ಜಿ ಮೂಗು ಮುರಿದರು. ಅಜ್ಜಿ ಎಂದರೆ ತಕ್ಕಡಿಯಣ್ಣನ ತಾಯಿ. "ಇದೇನೋ ಔಷಧಿ? ಅಂಗಿ ಕಾಲರಿಗೆ ಹಾಕೋ ಗಂಜಿ ಹಿಟ್ಟು! ಗಂಜಿ ಹಾಕಿ ಆಮೇಲೆ ಮಗೂಗೆ ಇಸ್ತ್ರೀನೂ ಮಾಡ್ತೀರಾ?" ಎಂದರು. ಹಾಗೆಂದವರೇ ಸಂಜೆಯೊಳಗೆ ಬೀದಿಯ ಈ ತುದಿಯಿಂದ ಆ ತುದಿಗೆ, "ನಮ್ಮ ಗುಂಡಿಗೆ ಶುಗರ್ ಅಂತೆ" ಎಂದು ಡಂಗುರ ಹೊಡೆದು ಬಂದರು.

ತಕ್ಕಡಿಯಣ್ಣನಿಗೆ ಗಂಟಲಲ್ಲಿ ಸಿಕ್ಕಿಕೊಂಡದ್ದು ಹಿಟ್ಟಲ್ಲ, ಕಾರಣವಿಲ್ಲ ಎಂಬ ಮಾತು. ಇಪ್ಪತ್ತೆರಡು ವರ್ಷ ಅವನು ಕೂತ ಸ್ಟೂಲು ಬಿಟ್ಟು ಏಳದೆ ನೂರಾರು ತಕ್ಕಡಿ ನೋಡಿದ್ದ. ಕಾರಣವಿಲ್ಲದೆ ಕೆಟ್ಟ ತಕ್ಕಡಿ ಒಂದೂ ಇರಲಿಲ್ಲ. ಒಂದರೊಳಗೆ ಹಲ್ಲಿ ಮೊಟ್ಟೆಯಿಟ್ಟಿತ್ತು, ಇನ್ನೊಂದರ ತಟ್ಟೆಯ ಅಡಿಗೆ ಹಳೇ ಬೆಲ್ಲ ಅಂಟಿತ್ತು. ಹುಡುಕಿದರೆ ಸಿಗುತ್ತದೆ, ಅಷ್ಟೇ. ಹುಡುಕುವುದಕ್ಕೂ ಅವನದೊಂದು ನಿಯಮವಿತ್ತು: ಒಂದು ಸಲಕ್ಕೆ ಒಂದೇ ತಿರುಪು ಮುಟ್ಟಬೇಕು. ಎರಡನ್ನು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಹಾಳಾಯಿತು ಎಂದು ದೇವರಿಗೂ ತಿಳಿಯದು. ಈ ನಿಯಮವನ್ನು ಅವನು ಹೆಂಡತಿಗೆ ಎಷ್ಟು ಸಲ ಹೇಳಿದ್ದನೆಂದರೆ, ಅವಳು ಅದಕ್ಕೊಂದು ರಾಗ ಹಚ್ಚಿ ಅಣಕಿಸುತ್ತಿದ್ದಳು.

ಹಿಟ್ಟು ಶುರುವಾದ ಮೇಲೆ ಬೆಳಗಿನ ಲೆಕ್ಕ ಎಪ್ಪತ್ತರ ಮೇಲೇ ನಿಂತಿತು. ಬೆರಳು ಚುಚ್ಚಿ ಸಕ್ಕರೆ ನೋಡುವ ಪುಟ್ಟ ಮೆಷಿನ್ನಿಗೆ ಗುಂಡಿ "ಇರುವೆ" ಎಂದು ಹೆಸರಿಟ್ಟಳು. ಆದರೆ ನೆಗಡಿ ಜ್ವರ ಬಂದ ವಾರ ಒಂದು ದಿನ ಅರವತ್ತು, ಮರುದಿನ ಐವತ್ತೆಂಟು ಬಂತು. ಜ್ವರ ಬಂದರೆ ಇಳಿಯಬಹುದೆಂದು ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು, ಹಣ್ಣಿನ ರಸ ಕುಡಿಸಿದ್ದೇ ಸರಿಹೋಯಿತು, ಎಲ್ಲ ನಿಜ. ಗಂಡ ಹೆಂಡತಿಯ ಎದೆ ಮಾತ್ರ ಧಸಕ್ಕೆಂದಿತ್ತು. ಆಮೇಲೆ ಯಾರು ಏನು ಹೇಳಿದರೂ ಇಬ್ಬರ ಕಿವಿ ನೆಟ್ಟಗಾಗುತ್ತಿತ್ತು.

ಹೇಳುವವರಿಗೇನು ಬರ? ಹೆಂಡತಿಯ ಅಕ್ಕ ಅಂಗಾಲಿಗೆ ಹಚ್ಚುವ ಎಣ್ಣೆ ಕಳಿಸಿದಳು. ರವಿಕೆ ಹೊಲಿಸಲು ಬಂದ ಟೀಚರೊಬ್ಬರು ಅಯಸ್ಕಾಂತದ ಬಳೆ ತೊಡಿಸಿ ಎಂದರು. ಯಾರೋ ಒಬ್ಬರು ಫೋನಿನಲ್ಲೇ ನಾಡಿ ನೋಡುತ್ತಾರಂತೆ, ಅವರ ನಂಬರೂ ಬಂತು. ಗುರುವಾರ ಮಧ್ಯಾಹ್ನ ಊಟವಾದ ಮೇಲೆ ಗಂಡ ಹೆಂಡತಿ ಬಟ್ಟೆ ಕತ್ತರಿಸುವ ಮೇಜಿನ ಎರಡು ಕಡೆ ಕೂತು ಇವನ್ನೆಲ್ಲ ತೂಗತೊಡಗಿದರು.

"ಎಣ್ಣೆ ಇರ್ಲಿ," ಎಂದಳು ಹೆಂಡತಿ. "ತೊಂದರೆ ಏನಿಲ್ಲ. ಕಚಗುಳಿ ಆಗುತ್ತೆ ಅಂತ ಅವಳಿಗೂ ಖುಷಿ."

"ಅಯಸ್ಕಾಂತ ಬೇಡ. ಅದನ್ನ ಹಾಕ್ಕೊಂಡು ಇವಳು ಅಂಗಡಿಗೆ ಬಂದ್ರೆ ನನ್ನ ತಕ್ಕಡಿಗಳೆಲ್ಲ ಸುಳ್ಳು ಹೇಳ್ತಾವೆ."

"ಫೋನಲ್ಲಿ ನಾಡಿ?"

"ಫೋನಲ್ಲೇ ಬಟ್ಟೆ ಅಳತೆ ತಗೋತೀಯ ನೀನು?"

ಅವಳು ನಕ್ಕಳು. ಕೊನೆಗೆ ಮೇಜಿನ ಮೇಲೆ ಉಳಿದದ್ದು ಒಂದು ಕಾಗದದ ಪೊಟ್ಟಣ. ಅಜ್ಜಿ ಪಕ್ಕದ ಮನೆಯವರ ಕೈಲಿ ಹೇಳಿಕಳಿಸಿ, ಗಿಡಮೂಲಿಕೆ ಅಂಗಡಿಯ ಪಂಡಿತರಿಂದ ತರಿಸಿದ ಕಂದು ಪುಡಿ. ಬಸ್ಸು ಓಡಿಸುತ್ತಿದ್ದ ನೆರೆಯವರ ಶುಗರನ್ನು ಹದಕ್ಕೆ ತಂದದ್ದು ಇದೇ ಎಂದು ಅಜ್ಜಿಯ ಸಾಕ್ಷಿ. ಇದನ್ನು ಮಾತ್ರ ತಕ್ಕಡಿಯಣ್ಣನಿಗೆ ತಳ್ಳಿಹಾಕಲು ಮನಸ್ಸಾಗಲಿಲ್ಲ. ಆ ಪಂಡಿತರು ವರ್ಷ ವರ್ಷ ತಪ್ಪದೆ ತಮ್ಮ ಪುಟ್ಟ ತಕ್ಕಡಿಯನ್ನು ಸರಿನೋಡಿಸಲು ಕಳಿಸುವವರು. ಇಡೀ ಪೇಟೆಯಲ್ಲಿ ಕೇಳದೇ ತಕ್ಕಡಿ ಕಳಿಸುವವರು ಅವರೊಬ್ಬರೇ. ತೂಕದಲ್ಲಿ ಅಷ್ಟು ನಿಯತ್ತಿರುವವರ ಪುಡಿಯಲ್ಲಿ ಏನೋ ಇರಲೇಬೇಕು ಎಂದುಕೊಂಡ.

"ಒಂದು ವಾರ ಕೊಟ್ಟು ನೋಡೋಣ ಕಣೇ. ಭಾನುವಾರ ಬೆಳಿಗ್ಗೆಯಿಂದ," ಎಂದ. "ಆದ್ರೆ ಸರಿಯಾಗಿ ನೋಡಬೇಕು. ತಕ್ಕಡಿ ಪರೀಕ್ಷೆ ಮಾಡೋ ಮುಂಚೆ ತಟ್ಟೆ ಖಾಲಿ ಮಾಡ್ಬೇಕು. ಇವತ್ತಿಂದ ಆ ಹಿಟ್ಟು ನಿಲ್ಲಿಸು. ಎರಡೂ ಒಟ್ಟಿಗೆ ಕೊಟ್ರೆ ಯಾವುದು ಕೆಲಸ ಮಾಡ್ತು ಅಂತ ಹೇಗೆ ಗೊತ್ತಾಗುತ್ತೆ?"

"ಒಂದು ಸಲಕ್ಕೆ ಒಂದೇ ತಿರುಪು," ಎಂದು ಹೆಂಡತಿ ರಾಗ ಎಳೆದಳು. ಆದರೆ ಈ ಸಲ ರಾಗದಲ್ಲಿ ಅಣಕವಿರಲಿಲ್ಲ. ಪೊಟ್ಟಣವನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿ, ಹೂಂ ಎಂದು ಕತ್ತರಿ ಎತ್ತಿಕೊಂಡಳು.

ಶುಕ್ರವಾರ ಬೆಳಿಗ್ಗೆ ಇರುವೆ ಎಪ್ಪತ್ತನಾಲ್ಕು ತೋರಿಸಿತು. ಶನಿವಾರ ಎಪ್ಪತ್ತೊಂಬತ್ತು. ತಕ್ಕಡಿಯಣ್ಣ ಹಿಗ್ಗಿಹೋದ. ಹಿಟ್ಟು ನಿಲ್ಲಿಸಿದರೂ ಏನೂ ಆಗಿಲ್ಲವೆಂದರೆ ಆ ಹಿಟ್ಟಿನಿಂದ ಏನೂ ಆಗುತ್ತಲೇ ಇರಲಿಲ್ಲ ಎಂದಾಯಿತಲ್ಲ! ಡಾಕ್ಟರಮ್ಮನಿಗಿಂತ ತಾನೇ ಒಂದು ಕೈ ಮೇಲು ಎಂಬ ಬಿಂಕದಲ್ಲಿ ಶಿಳ್ಳೆ ಹಾಕುತ್ತ ಅಂಗಡಿಗೆ ಹೋದ.

ಆವತ್ತು ಮಧ್ಯಾಹ್ನ ಪಂಡಿತರ ತಕ್ಕಡಿ ತಲುಪಿಸುವ ಸರದಿ. ಬೆರಳಗಲದ ಎರಡು ಹಿತ್ತಾಳೆ ತಟ್ಟೆ, ಹುಲ್ಲುಕಡ್ಡಿಯಷ್ಟು ತೆಳ್ಳನೆಯ ಮುಳ್ಳು. ಎರಡು ಬೀದಿಯಾಚೆಯ ಅಂಗಡಿಗೆ ಅದನ್ನು ಅಂಗೈಯಲ್ಲಿ ಹಿಡಿದೇ ನಡೆದ. ಪಂಡಿತರು ಎಂದಿನಂತೆ ಕನ್ನಡಕ ಹಣೆಗೇರಿಸಿ, ಮುಳ್ಳು ನಿಲ್ಲುವವರೆಗೂ ಉಸಿರು ಬಿಡದೆ ನೋಡಿ, "ಭೇಷ್" ಎಂದರು.

"ಪಂಡಿತರೇ, ಒಂದು ಮಾತು. ಆ ಪುಡಿ ಹದಿನಾರು ಕಿಲೋ ಇನ್ನೂರು ಗ್ರಾಮಿಗೆ ಎಷ್ಟು ಹಾಕಬೇಕು?"

"ಹದಿನಾರು ಕಿಲೋ?" ಪಂಡಿತರು ನಕ್ಕರು. "ನಿಮ್ಮ ತಾಯಿಯವರು ಅಷ್ಟೊಂದು ಇಳಿದುಹೋಗಿದಾರಾ?"

"ಅಮ್ಮನಿಗಲ್ಲ, ಮಗೂಗೆ. ನಮ್ಮ ಗುಂಡಿಗೆ."

ಪಂಡಿತರ ನಗು ನಿಂತಿತು. "ಅಜ್ಜಿ ಮನೆಗೆ, ಶುಗರ್‌ಗೆ ಅಂತ ಹೇಳಿಕಳಿಸಿದ್ರು. ಅಜ್ಜಿಗೇ ಅಂದ್ಕೊಂಡೆ. ಮಗೂಗೆ ಶುಗರ್ರಾ? ಏರಿದ್ದೋ, ಇಳಿದಿದ್ದೋ?"

"ಇಳಿಯೋದು. ಬೆಳಿಗ್ಗೆ ಬೆಳಿಗ್ಗೆ ಇಳಿದುಬಿಡುತ್ತೆ."

ಪಂಡಿತರು ತಲೆ ಮೇಲೆ ಕೈ ಹೊತ್ತರು. "ಅಯ್ಯೋ ಮಹರಾಯರೇ! ಶುಗರ್ ಅಂದ್ರೆ ಯಾರಾದ್ರೂ ಇಳಿದಿದ್ದು ಅಂತ ತಿಳ್ಕೋತಾರೇನ್ರಿ? ನಾನು ಕೊಟ್ಟಿರೋದು ಏರಿದ್ದನ್ನ ಇಳಿಸೋಕೆ! ಈಗಾಗಲೇ ಇಳಿಯೋ ಮಗೂಗೆ ಅದನ್ನ... ಕೊಟ್ಟಿಲ್ಲ ತಾನೆ?"

"ನಾಳೆ ಬೆಳಿಗ್ಗೆ ಅಂತ—"

"ಹಾಗಾದ್ರೆ ಈಗಲೇ ಹೋಗಿ ಎಸೀರಿ. ಮಗು ವಿಷಯದಲ್ಲಿ ನನ್ನ ಹತ್ರ ಏನೂ ಇಲ್ಲ. ಡಾಕ್ಟರು ಹೇಳಿದ್ದನ್ನ ಬಿಡಬೇಡಿ."

ನಾಳೆ ಎಂದು ನಿಶ್ಚಯಿಸಿದ್ದು ಅವನು. ಆದರೆ ಮೇಜಿನ ಮೇಲಿದ್ದ ಪೊಟ್ಟಣವನ್ನು ಗುರುವಾರವೇ ಅಜ್ಜಿ ಎತ್ತಿಟ್ಟುಕೊಂಡಿದ್ದರು, ಅಜ್ಜಿಗೆ ನಾಳೆ ಎಂಬ ಮಾತೇ ಆಗಿಬರುತ್ತಿರಲಿಲ್ಲ. ತಕ್ಕಡಿಯಣ್ಣ ಹೆಂಡತಿಗೆ ಫೋನ್ ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಹೊಲಿಗೆ ಯಂತ್ರ ಓಡುವಾಗ ಅವಳಿಗೆ ಸಿಡಿಲು ಬಡಿದರೂ ಕೇಳಿಸದು. ಎದ್ದೆನೋ ಬಿದ್ದೆನೋ ಎಂದು ಓಡಿದ. ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಮಾತು ಕುಟ್ಟುತ್ತಿತ್ತು: ಹಿಟ್ಟನ್ನೂ ನಿಲ್ಲಿಸಿದ್ದೇನೆ. ತಳ್ಳುವ ಕೈಯನ್ನು ಕರೆದು, ಹಿಡಿಯುವ ಕೈಯನ್ನು ನಾನೇ ಬಿಡಿಸಿದ್ದೇನೆ.

ಮನೆಯ ನಡುಕೋಣೆಯಲ್ಲಿ ಅಜ್ಜಿ ಕೂತಿದ್ದರು. ಪೊಟ್ಟಣ ಬಿಚ್ಚಿತ್ತು. ಕೈಯಲ್ಲಿ ಚಮಚ, ಚಮಚದಲ್ಲಿ ಜೇನುತುಪ್ಪದಲ್ಲಿ ಕಲಸಿದ ಕಂದು ಮುದ್ದೆ. ಎದುರಿಗೆ ಗುಂಡಿ.

"ತಿಂದ್ಲಾ?" ಅವನಿಗೆ ಉಸಿರೇ ಸಾಲಲಿಲ್ಲ. "ಅಮ್ಮ, ತಿಂದ್ಲಾ?"

"ಎಲ್ಲಿ ತಿಂತಾಳೆ! ಅರ್ಧ ಗಂಟೆಯಿಂದ ಬಾಯಿಗೆ ಗುಂಡಿ ಹಾಕ್ಕೊಂಡು ಕೂತಿದಾಳೆ ನಿನ್ನ ಮಗಳು. ನೀನಾದ್ರೂ ಹೇಳು."

ಗುಂಡಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಪ್ಪನನ್ನು ದುರುಗುಟ್ಟಿ ನೋಡುತ್ತಿದ್ದಳು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು ಅವನಿಗೆ. ಚಮಚ ಕಿತ್ತುಕೊಂಡು ಮಗಳನ್ನು ಅಪ್ಪಿ, ಅವಳ ಹಠಮಾರಿ ಬಾಯಿಗೆ, ಕೆನ್ನೆಗೆ, ಹಣೆಗೆ ಮುತ್ತಿಟ್ಟ. ಯಂತ್ರ ನಿಲ್ಲಿಸಿದಾಗ ಸದ್ದು ಕೇಳಿ ಒಳಗಿನಿಂದ ಓಡಿಬಂದ ಹೆಂಡತಿಗೆ ಅವನು ಹೇಳಬೇಕಾದದ್ದನ್ನು ಹೇಳುವಷ್ಟರಲ್ಲಿ ಮೂರು ಸಲ ತೊದಲಿದ.

ಅಜ್ಜಿ ಪೊಟ್ಟಣ ಮಡಿಚಿ ಬದಿಗಿಟ್ಟರು. "ನಂಗೇನು ಗೊತ್ತು ಕಣೋ," ಎಂದರು ಆಮೇಲೆ, ಸಣ್ಣ ದನಿಯಲ್ಲಿ. "ಶುಗರ್ ಅಂದ್ರೆ ಶುಗರ್ ಅಂದ್ಕೊಂಡಿದ್ದೆ. ಅದರಲ್ಲೂ ಮೇಲೆ ಕೆಳಗೆ ಇರುತ್ತೆ ಅಂತ ಯಾರು ಹೇಳಿದ್ರು? ರುಚಿ ನೋಡೋಣ ಅಂತ ನಾನೇ ಒಂದು ಚಿಟಿಕೆ ತಿಂದೆ. ವಿಷದ ಹಾಗಿತ್ತು."

ಅವರ ಕಣ್ಣು ತುಂಬಿತ್ತು. ಗುಂಡಿ ಅಪ್ಪನ ಹಿಡಿತದಿಂದ ನುಸುಳಿಕೊಂಡು ಹೋಗಿ ಇರುವೆಯನ್ನು ತಂದಳು. "ಅಜ್ಜೀದೂ ನೋಡೋಣ. ಅಳಬೇಡ ಅಜ್ಜಿ, ಚುಟುಕ್ ಅಂತ ಒಂದೇ ಸಲ." ಗುಂಡಿಯ ಅಮ್ಮ ಅತ್ತೆಯ ಬೆರಳು ಹಿಡಿದಳು. ನೂರಾ ಹತ್ತು ಬಂತು. ಊಟ ಮಾಡಿ ಕೂತ ಅಜ್ಜಿಗೆ ಅದರಲ್ಲಿ ಹೆದರುವಂಥದ್ದೇನೂ ಇರಲಿಲ್ಲ.

"ಬರೀ ನೂರಾ ಹತ್ತಾ?" ಎಂದರು ಅಜ್ಜಿ. ದನಿಯಲ್ಲಿ ಚೂರು ನಿರಾಸೆಯಿತ್ತು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ನಕ್ಕುಬಿಟ್ಟರು.

ಸಂಜೆಯ ಊಟವಾಯಿತು. ಗುಂಡಿ ಮಲಗುವ ಹೊತ್ತಿಗೆ ತಕ್ಕಡಿಯಣ್ಣ ಯಾರಿಗೂ ಹೇಳದೆ ಅಡುಗೆಮನೆಗೆ ಹೋದ. ಪಂಡಿತರ ಮಾತು, ಅಜ್ಜಿಯ ಕಣ್ಣೀರು ಎಲ್ಲ ಹಿಂದಾಗಿದ್ದವು. ಎದೆಯಲ್ಲಿ ಉಳಿದಿದ್ದು ಒಂದೇ ಮುಳ್ಳು: ಹಿಟ್ಟು ನಿಲ್ಲಿಸು ಎಂದಿದ್ದು ಅಜ್ಜಿಯಲ್ಲ, ನಾನು. ತಣ್ಣನೆಯ ಹಾಲಿಗೆ ಅಳತೆ ತಪ್ಪದೆ ಹಿಟ್ಟು ಹಾಕಿ ಕಲಕಿ, ಲೋಟ ತಂದು ಮಗಳ ಹಾಸಿಗೆಯ ಪಕ್ಕ ಕೂತ. ಹೆಂಡತಿ ಅಲ್ಲೇ ಒಂದು ಲಂಗದ ಅಂಚು ಮಡಿಚಿ ಹೊಲಿಯುತ್ತಿದ್ದಳು.

"ತಗೋ ಮರಿ. ಇವತ್ತಿಂದ ಮತ್ತೆ ಶುರು."

"ಮತ್ತೆ ಅಂದ್ರೆ?" ಗುಂಡಿ ಹುಬ್ಬೇರಿಸಿದಳು. "ನಿನ್ನೇನೂ ಕುಡಿದ್ನಲ್ಲ. ಮೊನ್ನೇನೂ ಕುಡಿದ್ನಲ್ಲ." ತಟ್ಟನೆ ನಾಲಿಗೆ ಕಚ್ಚಿಕೊಂಡು ಅಮ್ಮನ ಕಡೆ ನೋಡಿದಳು. "ಅಪ್ಪಂಗೆ ಹೇಳಬಾರದಿತ್ತು ಅಲ್ವಾ?"

ತಕ್ಕಡಿಯಣ್ಣ ನಿಧಾನಕ್ಕೆ ಹೆಂಡತಿಯ ಕಡೆ ತಿರುಗಿದ. ಅವಳು ಸೂಜಿಯಿಂದ ಕಣ್ಣೆತ್ತಲಿಲ್ಲ.

"ನೀವು ಹೇಳಿದ್ದನ್ನೇ ಮಾಡಿದೀನಿ ರೀ. ಒಂದು ಸಲಕ್ಕೆ ಒಂದೇ ತಿರುಪು ಅಂದ್ರಿ. ಸರಿಯಾಗಿ ನಿಂತಿರೋ ತಿರುಪನ್ನ ನಾನು ಮುಟ್ಟಲೇ ಇಲ್ಲ."

"ಹಾಗಾದ್ರೆ ಆ ಎಪ್ಪತ್ತನಾಲ್ಕು? ಎಪ್ಪತ್ತೊಂಬತ್ತು?"

"ಹಿಟ್ಟಿಂದು."

ಇಪ್ಪತ್ತೆರಡು ವರ್ಷ ಊರಿನವರ ಮೋಸದ ತಕ್ಕಡಿಗಳನ್ನು ಹಿಡಿದುಹಾಕಿದವನ ಕಣ್ಣಿಗೆ ಅವನ ಮನೆಯಲ್ಲೇ ಎರಡು ದಿನ ಮಣ್ಣೆರಚಲಾಗಿತ್ತು. ಅವನಿಗೆ ಕೋಪ ಬರಲಿಲ್ಲ. ಇಷ್ಟು ಸಂತೋಷ ಆಸ್ಪತ್ರೆಯಲ್ಲಿ ಮಗಳು ಚಪ್ಪಲಿಯ ಪ್ರಶ್ನೆ ಕೇಳಿದಾಗ ಆದದ್ದು ಬಿಟ್ಟರೆ ಇವತ್ತೇ ಆದದ್ದು.

"ನನಗೆ ಹೇಳಬಾರದಿತ್ತೇನೇ?"

"ಹೇಳಿದ್ರೆ ಕೇಳ್ತಿದ್ರಾ?"

"ಇಲ್ಲ," ಎಂದು ಒಪ್ಪಿಕೊಂಡ.

"ಪುಡಿ ಮೇಲೆ ನಂಗೂ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ," ಎಂದಳು ಅವಳು, ಈಗ ತಲೆಯೆತ್ತಿ. "ಕಾರಣ ಗೊತ್ತಾದ್ರೆ ಸಾಕು ಅಂತ ನಂಗೂ ಅನಿಸ್ತಾ ಇತ್ತು. ಆದ್ರೆ ಹಿಟ್ಟು ಬಿಡೋಕೆ ಧೈರ್ಯ ಬರ್ಲಿಲ್ಲ."

ಕಾರಣ ಇನ್ನೂ ಗೊತ್ತಾಗಿರಲಿಲ್ಲ. ಮುಂದೆ ಎಂದಾದರೂ ಗೊತ್ತಾಗುತ್ತದೋ ಇಲ್ಲವೋ ಅದೂ ಗೊತ್ತಿರಲಿಲ್ಲ. ಅದಕ್ಕಾಗಿ ಇವತ್ತು ಯಾವ ತಿರುಪನ್ನೂ ಮುಟ್ಟಬೇಕೆಂದು ಅವನಿಗೆ ಅನ್ನಿಸಲಿಲ್ಲ.

"ಅಪ್ಪ, ಕಲಕು," ಎಂದಳು ಗುಂಡಿ ಲೋಟದೊಳಗೆ ಇಣುಕಿ. "ನೀವು ಮಾತಾಡೋಷ್ಟರಲ್ಲಿ ಎಲ್ಲಾ ತಳದಲ್ಲಿ ಕೂತುಬಿಡ್ತು. ಅಮ್ಮ ಆದ್ರೆ ಕಲಕ್ತಾನೇ ಇರ್ತಾಳೆ."

ಅವನು ಚಮಚ ತೆಗೆದುಕೊಂಡು, ಅವಳು ಕೊನೆಯ ಗುಟುಕು ಕುಡಿಯುವವರೆಗೂ ಕಲಕುತ್ತಲೇ ಇದ್ದ.