ಅಕ್ಕನ ಎಡಗಡೆಯ ಕುರ್ಚಿ

ಪೆಪ್ಪರಮೆಂಟಿನ ವಾಸನೆ ಬಲಗಡೆಯಿಂದ ಬರುತ್ತಿದೆ, ಇಷ್ಟು ವರ್ಷ ಎಡಗಡೆಯಿಂದಲೇ ಬರುತ್ತಿದ್ದದ್ದು, ಅಕ್ಕನ ಬಾಯಲ್ಲಿ ಪೆಪ್ಪರಮೆಂಟು ಸದಾ ಇದ್ದೇ ಇರುತ್ತದೆ, ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಪಕ್ಕ ಕೂತು ಕೂತು ಅಂಟಿಸಿಕೊಂಡ ಚಟ, ಹೆದರಿಕೆ ಮುಖಕ್ಕೆ ಬರಬಾರದು ಅಂತ ಬಾಯಾಡಿಸುವುದು — ಈಗಲೂ ಬಾಯಾಡಿಸುತ್ತಿದ್ದಾಳೆ, ಹಾಗಾದರೆ ಹೆದರಿದ್ದಾಳೆಯೇ, ಛೆ, ಅಕ್ಕ ಹೆದರುವುದುಂಟೆ, ಎಂದುಕೊಳ್ಳುತ್ತ ತಂಗಿ ತನ್ನ ಎರಡು ಇಸ್ಪೀಟು ಎಲೆಗಳ ಮೂಲೆಯನ್ನು ಹೆಬ್ಬೆರಳಿನಿಂದ ಎತ್ತಿ ನೋಡಿದಳು, ಒಂಬತ್ತು, ಇನ್ನೊಂದೂ ಒಂಬತ್ತು, ಎದೆಯೊಳಗೆ ಯಾರೋ ಮೆಟ್ಟಿಲು ಹತ್ತಿ ಓಡಿಬಂದ ಹಾಗಾಯಿತು. ಮುಖ, ಮುಖ ಸರಿಯಾಗಿಟ್ಟುಕೋ. ಕ್ಲಬ್ಬಿನ ಮಹಡಿಯ ಕೋಣೆ, ಹಸಿರು ಬಟ್ಟೆಯ ಮೇಜು, ಪಂದ್ಯದಲ್ಲಿ ಉಳಿದವರು ನಾಲ್ಕೇ ಜನ, ಎದುರಿಗೆ ಔಷಧಿ ಅಂಗಡಿಯವರು, ಎಡಕ್ಕೆ ನಿವೃತ್ತ ಪೋಸ್ಟ್‌ಮ್ಯಾನು, ಇಬ್ಬರ ಮುಂದೂ ಹಿಡಿಯಷ್ಟೇ ಪಣದ ಬಿಲ್ಲೆ, ಅವರ ಆಟ ಮುಗಿದ ಹಾಗೇ, ಇನ್ನೇನಿದ್ದರೂ ಅಕ್ಕ ಮತ್ತು ತಾನು, ಗೆದ್ದವರಿಗೆ ರಾಜಧಾನಿಯ ದೊಡ್ಡ ಪಂದ್ಯದಲ್ಲಿ ಒಂದು ಜಾಗ, ಒಂದೇ ಒಂದು. ಅಕ್ಕ ಎಷ್ಟೋ ಸಲ ಹೋಗಿ ಬಂದಿದ್ದಾಳೆ, ಪ್ರತಿ ಸಲ ಅವಳ ಸೀರೆಗೆ ಇಸ್ತ್ರಿ ಹಾಕಿ, ಬಸ್ಸಿನ ಕಿಟಕಿಗೆ ಕೈ ಬೀಸಿ, ಕನ್ನಡಕದಂಗಡಿಯ ಬಾಗಿಲು ತೆಗೆಯಲು ಒಬ್ಬಳೇ ವಾಪಸು ನಡೆದವಳು ತಾನು.

ಎಲೆ ಆಮೇಲೆ ನೋಡೋದು, ಮೊದಲು ಯಾರ ಪಕ್ಕ ಕೂತಿದ್ದೀಯ ನೋಡು, ಅಂತಿದ್ದರು ಇಬ್ಬರಿಗೂ ಪೋಕರ್ ಕಲಿಸಿದ ಸೋದರಮಾವ, ಆಟ ಎಡಕ್ಕೆ ತಿರುಗತ್ತೆ, ನಿನ್ನ ಬಲಗಡೆಯವರು ಬಾಯಿ ಬಿಟ್ಟ ಮೇಲೇ ನಿನ್ನ ಸರದಿ, ಜೋರಿನವರನ್ನ ಬಲಕ್ಕೆ ಇಟ್ಕೋ, ಪಾಪದವರನ್ನ ಎಡಕ್ಕೆ. ಹೇಳುವುದೇನೋ ಸುಲಭ, ಮನೆಯ ಊಟದ ಮೇಜಿನಲ್ಲಿ ಅಡುಗೆಮನೆಯ ಬಾಗಿಲ ಹತ್ತಿರದ ಕುರ್ಚಿ ಅಕ್ಕನದು, ಒಲೆಯ ಮೇಲೆ ಕಣ್ಣಿಡಬೇಕಲ್ಲ, ಅದು ತನ್ನ ಎಡಗಡೆ, ಹಾಗಾಗಿ ತಾನು ನಾಲ್ಕು ಬಿಲ್ಲೆ ಮುಂದಿಟ್ಟರೆ ಅಕ್ಕ ಹತ್ತು ಇಟ್ಟು ಮುಖ ನೋಡುವಳು, ತಾನು ಸೋಲೊಪ್ಪಿ ಎಲೆ ಮಗುಚುವಳು, ಬರೀ ಆಟದಲ್ಲಲ್ಲ, ನಾನು ಸಂಗೀತ ಕಲೀತೀನಿ ಅಂದರೆ ಅಕ್ಕ ಯೋಚಿಸಿ ಹೊಲಿಗೆ ಅಂದಳು, ಹೊಲಿಗೆಯಾಯಿತು, ಕಾರು ಕಲಿಸುವಾಗಲೂ ಅವಳ ಕಾಲಡಿ ಇನ್ನೊಂದು ಬ್ರೇಕು, ತಾನು ತುಳಿಯುವ ಮೊದಲೇ ಕಾರು ನಿಂತುಬಿಡುತ್ತಿತ್ತು. ಇವತ್ತು ಜಾಗಕ್ಕೆ ಚೀಟಿ ಎತ್ತಿದಾಗ ಅಕ್ಕನ ಎಡಗಡೆಯ ಕುರ್ಚಿ ಬಂದಿದ್ದು ನೋಡಿ ಕಿರುಚಬೇಕೆನಿಸಿತ್ತು, ಕೆಮ್ಮಿ ಸುಧಾರಿಸಿಕೊಂಡಳು. ಆಗಿನಿಂದ ಎಂಥ ಆಟ, ಅಕ್ಕ ಸುಮ್ಮನಾದರೆ ತಾನು ಪಣ ಏರಿಸುವುದು, ಅಕ್ಕ ಏರಿಸಿದರೆ ಸರಾಗವಾಗಿ ಎಲೆ ಬಿಡುವುದು, ಅಂಗಡಿಯ ಕತ್ತಲ ಕೋಣೆಯಲ್ಲಿ ಗಿರಾಕಿಯ ಕಣ್ಣಿಗೆ ಗಾಜು ಬದಲಿಸಿ ಬದಲಿಸಿ ಇದು ಚೆನ್ನಾಗಿ ಕಾಣತ್ತಾ, ಇದಾ, ಅಂತ ಕೇಳುವ ಹಾಗೆ, ಅವರು ಹೇಳಿದ ಮೇಲಲ್ಲವೆ ತಾನು ಮುಂದಿನ ಗಾಜು ಹಾಕುವುದು, ದೇವರೇ, ದಿನಾ ಮಾಡುವ ಕೆಲಸವೇ ಇದು, ಈಗ ಅಕ್ಕನ ರಾಶಿಗಿಂತ ತನ್ನ ರಾಶಿ ಒಂದು ಬೆರಳು ಎತ್ತರ.

ಎಲೆ ಹಂಚುವವನು ಕ್ಲಬ್ಬಿನ ಹುಡುಗ, ಆದರೂ ಹಂಚುವ ಸರದಿಯ ಗುರುತಿನ ಬಿಳಿ ಬಿಲ್ಲೆ ತನ್ನ ಮುಂದೆಯೇ ಬಂದು ಕೂತಿದೆ, ಅಂದರೆ ಮೇಜಿನ ಮೇಲೆ ಎಲೆ ಬಿದ್ದ ಮೇಲೆ ಪ್ರತಿ ಸುತ್ತಿನ ಕೊನೆಯ ಮಾತು ತನ್ನದು. ಅಕ್ಕ ಏರಿಸಿದಳು, ತಾನೂ ಅಷ್ಟೇ ಇಟ್ಟಳು, ಉಳಿದಿಬ್ಬರು ಎಲೆ ಬಿಸಾಕಿ ಕೈ ಕಟ್ಟಿ ಕೂತರು. ಮಧ್ಯೆ ಇಬ್ಬರಿಗೂ ಸೇರಿದ ಮೂರು ಎಲೆ, ರಾಜ, ಆರು, ನಾಲ್ಕು. ಅಕ್ಕ ಬಿಲ್ಲೆ ಮುಂದಿಟ್ಟಳು, ರಾಜ ಇದೆಯಾ ಅವಳಲ್ಲಿ, ಇದ್ದರೆ ರಾಜನ ಜೋಡಿ, ತನ್ನ ಒಂಬತ್ತುಗಳಿಗೆ ಬೆಲೆಯಿಲ್ಲ, ಇರಲಿ, ಇನ್ನೊಂದು ಮಾತು ಕೇಳೋಣ, ತಾನೂ ಅಷ್ಟೇ ಇಟ್ಟಳು. ನಾಲ್ಕನೆಯದು ಎರಡರ ಎಲೆ, ಯಾರಿಗೂ ಬೇಡದ್ದು, ಅಕ್ಕ ಬೆರಳಗಂಟಿನಿಂದ ಮೇಜು ತಟ್ಟಿದಳು, ಏನೂ ಇಡಲಿಲ್ಲ, ತಟ್ಟಿದಳಷ್ಟೇ — ಯಾಕೆ, ರಾಜ ಇಟ್ಟುಕೊಂಡು ತಟ್ಟುವವಳೇ ಅಕ್ಕ, ಖಾಲಿ ರಸ್ತೆ ಕಂಡರೆ ಕಾಲು ತಡೆಯದವಳು — ತಾನೂ ತಟ್ಟಿದಳು. ಐದನೆಯದು ಗುಲಾಮ. ಅಕ್ಕ ಬಾಯಾಡಿಸುವುದು ನಿಂತಿತು, ಎರಡೂ ಅಂಗೈಯಿಂದ ತನ್ನ ರಾಶಿಯನ್ನೆಲ್ಲ ಮುಂದಕ್ಕೆ ನೂಕಿದಳು, ಸರ್‌ರಂತ, ಎಲ್ಲವನ್ನೂ.

ಕಿವಿಯಲ್ಲಿ ಗುಂಯ್ ಅನ್ನುತ್ತಿದೆ, ಫ್ಯಾನು ಇರಬೇಕು, ಅಲ್ಲ, ರಕ್ತ. ಬಿಟ್ಟುಬಿಡು, ಅಭ್ಯಾಸವಾದ ಬೆರಳು ಎಲೆ ಮಗುಚಲು ಆಗಲೇ ಹೊರಟಿದೆ, ಯಾಕೆ, ಮಲಗ್ಬಿಟ್ಯಾ ಪುಟ್ಟಿ, ಅಕ್ಕ ಮೆಲ್ಲಗೆ ಕೇಳುತ್ತಾಳೆ, ಪುಟ್ಟಿ, ಕೂದಲು ನರೆತ ಪುಟ್ಟಿ — ನಿಲ್ಲು, ಅವಳು ಹೇಳಿದ್ದನ್ನು ಇನ್ನೊಮ್ಮೆ ಕೇಳಿಕೋ, ಮೊದಲು ಏರಿಸಿದಳು, ಆಮೇಲೆ ಇಟ್ಟಳು, ಆಮೇಲೆ ತಟ್ಟಿದಳು, ಆ ತಟ್ಟಿದ್ದು ಸುಳ್ಳಲ್ಲ, ಆಗ ಅವಳಲ್ಲಿ ಏನೂ ಇರಲಿಲ್ಲ, ಗುಲಾಮ ಬಂದು ಒಮ್ಮೆಗೇ ಶ್ರೀಮಂತಳಾದಳೇ, ಇಲ್ಲ, ಇದು ಗದರಿಕೆ, ಹೊಲಿಗೆ ಅಂದ ಅದೇ ದನಿ. ಸರಿ, ನೋಡೋಣ ಅಕ್ಕ, ಎಂದಿತು ಯಾರದೋ ಬಾಯಿ, ತನ್ನದೇ, ಕೈಗಳು ತನ್ನ ರಾಶಿಯನ್ನು ಮುಂದಕ್ಕೆ ತಳ್ಳುತ್ತಿವೆ.

ಅಕ್ಕ ಎಲೆ ತಿರುಗಿಸಿದಳು, ಎಕ್ಕ ಮತ್ತು ರಾಣಿ, ನೋಡಲು ಅಂದ, ಜೋಡಿ ಒಂದೂ ಇಲ್ಲ. ತಾನು ಒಂಬತ್ತುಗಳನ್ನು ಇಟ್ಟಳು. ಪೋಸ್ಟ್‌ಮ್ಯಾನು ಅಬ್ಬ ಅಂದರು. ಗೆದ್ದೆ, ಬಸ್ಸಿನ ಕಿಟಕಿ ತನ್ನದು, ಯಾವ ಸೀರೆ ಉಡಲಿ, ಅಂಗಡಿ ಯಾರು ನೋಡಿಕೊಳ್ಳುತ್ತಾರೆ, ಅಯ್ಯೋ ಅಕ್ಕ, ಅನ್ನುತ್ತ ಅವಳ ಕೈ ಹಿಡಿಯಲು ಅರ್ಧ ಎದ್ದೇಬಿಟ್ಟಳು, ಅಕ್ಕ ಭುಜ ಒತ್ತಿ ಕೂರಿಸಿದಳು, ಕೂತ್ಕೋ, ಇನ್ನೂ ಇಬ್ಬರಿದಾರೆ, ಜಾಗ ಬಿಟ್ಟು ಏಳ್ಬೇಡ, ಅಂದಳು, ದನಿಯಲ್ಲಿ ಗದರಿಕೆ ಇರಲಿಲ್ಲ, ನಗುವಿನಂಥದ್ದೇನೋ ಇತ್ತು, ಅಥವಾ ಇರಲಿಲ್ಲವೋ, ಮುಖ ನೋಡುವಷ್ಟರಲ್ಲಿ ಆಟದಿಂದ ಹೊರಬಿದ್ದ ಅಕ್ಕ ತಿರುಗಿ ಕಿಟಕಿಯ ಕಡೆ ನಡೆದಿದ್ದಳು. ಹಂಚುವವನು ಎಲೆ ಕಲೆಸುತ್ತಿದ್ದಾನೆ, ಮುಂದಿನ ಆಟ, ಗಮನ ಕೊಡು, ಈಗ ತನ್ನ ಬಲಕ್ಕೆ ಯಾರು, ಔಷಧಿ ಅಂಗಡಿಯವರು, ಅವರು ಮಾತಾಡಿದ ಮೇಲೆ ತಾನು, ಆದರೆ ನಡುವೆ ಆ ಕುರ್ಚಿ, ರೆಕ್ಸಿನ್ ಸೀಟಿನಲ್ಲಿ ಅಕ್ಕ ಕೂತಿದ್ದ ಕುಳಿ, ಎರಡು ಎಲೆ ಬಂದವು, ನೋಡು, ಎತ್ತಿ ನೋಡು, ಕುಳಿ ನಿಧಾನವಾಗಿ ಉಬ್ಬುತ್ತಿದೆ, ನಿಮ್ಮ ಸರದಿ, ಅನ್ನುತ್ತಿದ್ದಾರೆ, ಕುಳಿ, ಮೆಲ್ಲಗೆ, ಉಸಿರು ಎಳೆದುಕೊಳ್ಳುವ ಹಾಗೆ, ಉಬ್ಬಿ ಸಮವಾಯಿತು, ತಂಗಿ ಎಲೆಯ ಮೂಲೆಯನ್ನು ಹೆಬ್ಬೆರಳಿನಿಂದ ಎತ್ತಿದಳು.