ಬಸ್ಸಮ್ಮ ಹಚ್ಚಿದ ಅರಿಶಿನ

ನಮ್ಮ ದೋರನಹಳ್ಳಿಗೆ ಕಾಲುವೆ ನೀರು ಬಂದ ಮೇಲೆ ನಾಗಣ್ಣನ ಜೋಳದ ಹೊಲ ಭತ್ತದ ಗದ್ದೆಯಾಯಿತು, ಮಣ್ಣಿನ ಮನೆ ಹೋಗಿ ಆರ್‌ಸಿಸಿ ಮನೆ ಬಂತು. ಹೊಸ ನೀರನ್ನು ಅಷ್ಟು ಬೇಗ ಒಪ್ಪಿಕೊಂಡ ನಾವು ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಹೊಸದೇನನ್ನೂ ಒಪ್ಪಲಿಲ್ಲ.

ನಾಗಣ್ಣನ ಹಿರಿಮಗಳು ಬಸ್ಸಮ್ಮ ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ ಅವಳು ಎದುರಿಗೆ ಬರುವಂತಿರಲಿಲ್ಲ. ಮದುವೆ, ತೊಟ್ಟಿಲು ಎಂದರೆ ಹಿಂದಿನ ಕೋಣೆ ಸೇರಬೇಕು. ಮಗಳು ಬಾಡುವುದನ್ನು ನೋಡಲಾರದೆ ನಾಗಣ್ಣ, ಓಣಿಯವರ ಮಾತಿಗೆ ಕಿವಿಗೊಡದೆ, ಅವಳನ್ನು ಗುಲ್ಬರ್ಗಾಕ್ಕೆ ನರ್ಸಿಂಗ್ ಓದಲು ಕಳಿಸಿದ. ಓದು ಮುಗಿಸಿ ಅವಳು ಸೇನೆಯ ಆಸ್ಪತ್ರೆಗೆ ನರ್ಸಿಂಗ್ ಅಧಿಕಾರಿಯಾಗಿ ಸೇರಿದಳು. ಕಾರ್ಗಿಲ್ ಯುದ್ಧದ ತಿಂಗಳುಗಳಲ್ಲಿ ಶ್ರೀನಗರದಲ್ಲಿದ್ದಳು. ಹೆಲಿಕಾಪ್ಟರಿನಿಂದ ಇಳಿಸಿದ ಗಾಯಾಳುಗಳ ರಕ್ತ ತೊಳೆದಳು, ನೋವಿಗೆ ಚೀರುವವರನ್ನು ಹಿಡಿದು ಕೂತಳು. ಉಳಿಯದವರ ಕಣ್ಣು ಮುಚ್ಚಿದಳು.

ಮರುವರ್ಷ ತಂಗಿ ಅನ್ನಮ್ಮನ ಮದುವೆಗೆ ರಜೆ ಹಾಕಿ ಬಂದಳು. ಮೊಮ್ಮಗಳಿಗೆ ಸಿಪಾಯಿಗಳು ಸಲ್ಯೂಟ್ ಹೊಡೆಯುತ್ತಾರೆಂದು ಆಯಿ ಗೊಲ್ಲಾಳಮ್ಮ ಓಣಿಗೆಲ್ಲ ಹೇಳಿಕೊಂಡು ಬಂದಳು. ಆದರೆ ಅರಿಶಿನ ಹಚ್ಚುವ ಮುಂಜಾನೆ ಅದೇ ಆಯಿ ಅವಳನ್ನು ಪಕ್ಕಕ್ಕೆ ಕರೆದಳು.

"ನೀ ದೊಡ್ಡಾಕಿ ಆಗೀದಿ, ಇಲ್ಲ ಅನ್ನಂಗಿಲ್ಲ. ಇವತ್ತೊಂದಿನ ಒಳಗಿರವ್ವ. ತಂಗಿ ಬಾಳಿನ ಮಾತದ. ನಿಮ್ಮ ಮುತ್ಯಾ ಹೋದಾಗಿಂದ ನಾನೂ ಹಂಗೇ ಇದ್ದೀನಿ."

ಬಸ್ಸಮ್ಮ ದನಿ ಏರಿಸಲಿಲ್ಲ. "ಆಯಿ, ಗುಂಡು ಬಿದ್ದ ಹುಡುಗ್ರು ಈ ಕೈಯಾಗ ಉಳಕೊಂಡು ಅವರವ್ವನ ಹತ್ರ ಹೋಗ್ಯಾರ. ಇದು ಮುತ್ತೈದಿ ಕೈಯೇನು ಅಂತ ಅಲ್ಲಿ ಯಾರೂ ಕೇಳಲಿಲ್ಲ. ಅವರ ಜೀವ ಉಳಿಸಿದ ಕೈ ನನ್ನ ತಂಗಿಗಿ ಕೇಡು ಮಾಡ್ತದೇನು?"

ಬೀಗರು ಏನಂದಾರು ಎಂದು ಸೋದರತ್ತೆ ರೇಣಮ್ಮ ಗೊಣಗಿದಳು. ಮಣೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡ ಅನ್ನಮ್ಮ ಎದ್ದು ನಿಂತಳು. ಅಕ್ಕನೂ ಆಯಿಯೂ ಹಚ್ಚದ ಅರಿಶಿನ ತನಗೆ ಬೇಡವೆಂದಳು.

ಬಸ್ಸಮ್ಮ ಆಯಿಯನ್ನು ಮಣೆಯ ಹತ್ತಿರ ಕರೆತಂದು ಅವಳ ಕೈಯನ್ನು ಅರಿಶಿನದ ಬಟ್ಟಲಲ್ಲಿ ಅದ್ದಿದಳು. ಎಷ್ಟೋ ವರ್ಷ ಇಂಥ ಬಟ್ಟಲಿನಿಂದ ದೂರವಿದ್ದ ಬೆರಳುಗಳು ಹಳದಿಯಾದವು. ಮತ್ತೆ ಮಣೆಯ ಮೇಲೆ ಕೂತ ಅನ್ನಮ್ಮನ ಕೆನ್ನೆಗೆ ಆಯಿ ಅರಿಶಿನ ಹಚ್ಚಿದಳು. ಆಮೇಲೆ ಬಸ್ಸಮ್ಮ ಹಚ್ಚಿದಳು. ಕೆಲವು ಹೆಂಗಸರು ಎದ್ದು ಹೋದರು. ಉಳಿದವರು ಹಾಡು ಮುಂದುವರಿಸಿದರು.

ಅಷ್ಟರಲ್ಲೇ ಗಂಡಿನ ತಾಯಿ, ಬೀಗಿತಿ, ಬಾಗಿಲಿಗೆ ಬಂದಳು. ಮೊದಲ ಅರಿಶಿನ ಹಚ್ಚಿದ ಮುತ್ತೈದೆ ಯಾರೆಂದು ಕೇಳಿದಳು. ರೇಣಮ್ಮ ಮುಖ ತಗ್ಗಿಸಿದಳು. ಗೊಲ್ಲಾಳಮ್ಮ ಸೆರಗು ಸರಿಮಾಡಿಕೊಂಡು ಎಲ್ಲರ ನಡುವೆ ಬಂದು ನಿಂತಳು.

"ನಾ ಹಚ್ಚೀನ್ರಿ. ನನ್ನ ಹಿಂದ ಇಕಿ ಹಚ್ಯಾಳ, ನಮ್ಮ ಬಸ್ಸಮ್ಮ. ಯುದ್ಧ ನೋಡಿ ಬಂದಾಕಿ. ನೀವೂ ಬರ್ರಿ, ಹಚ್ಚರಿ."

ಬೀಗಿತಿ ಒಂದು ಗಳಿಗೆ ಬಸ್ಸಮ್ಮನನ್ನೇ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ಅವಳ ಕೈಯಲ್ಲಿದ್ದ ಬಟ್ಟಲಿಗೇ ಕೈ ಹಾಕಿದಳು.