ಹತ್ತಿ ಕಾಗದದ ಮೇಲೆ ಅತ್ತೆ

ಮೂರನೆಯ ಪ್ರಿಂಟಿನಲ್ಲೂ ಅತ್ತೆಯ ಕೆನ್ನೆ ಹಸಿರಾಗಿಯೇ ಬಂತು. ಫೋಟೋಗ್ರಾಫರ್ ಆ ಮಿರುಗುವ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಹರಿದು ಬುಟ್ಟಿಗೆ ಹಾಕಿದ.

ಬೆಳಗ್ಗೆ ಫೋನ್ ಬಂದಿತ್ತು. ಬೇರೆಯಾದ ಒಂಬತ್ತು ವರ್ಷಗಳ ಮೇಲೆ ಹೆಂಡತಿಯ ದನಿ. "ರೀ..." ಎಂದವಳು ಅಲ್ಲೇ ನಾಲಿಗೆ ಕಚ್ಚಿಕೊಂಡಳು. "ಅಮ್ಮ ಹೋಗಿಬಿಟ್ರು, ಸೋಮವಾರ. ನೀವು ತೆಗೆದಿದ್ದ ಕಪ್ಪು-ಬಿಳುಪು ಫೋಟೋ ಇದೆಯಾ?"

"ಇದೆ. ಸಂಜೆಗೆ ಪ್ರಿಂಟ್ ಹಾಕಿಡ್ತೀನಿ."

ಅತ್ತೆ ಮಾತ್ರ ಅವನ ಜೊತೆ ಮಾತು ಬಿಟ್ಟಿರಲಿಲ್ಲ. ಆಗೀಗ ಮಗಳಿಗೆ ಗೊತ್ತಾಗದ ಹಾಗೆ ಫೋನ್ ಮಾಡಿ, "ಏನು ಅಳಿಯಂದ್ರೇ, ಊಟ ಮಾಡ್ತಿದ್ದೀರೋ, ಬರೀ ಫೋಟೋ ತಿಂದ್ಕೊಂಡಿದ್ದೀರೋ?" ಎಂದು ಗದರುತ್ತಿದ್ದರು. ಅವನನ್ನು ಹಾಗೆ ಕೇಳುವವರು ಬೇರೆ ಯಾರೂ ಇರಲಿಲ್ಲ.

ಅವನು ಒಯ್ದಿದ್ದ ಹರಿದ ಹಾಳೆಯ ಚೂರನ್ನು ನೋಡಿ ಇಂಕಿನ ಅಂಗಡಿಯವನು ನಕ್ಕ. "ಬಣ್ಣಗಳನ್ನ ಕಲಸಿ ಬೂದು ಮಾಡಿದ್ರೆ ಹಸಿರು ಇಣುಕದೇ ಇರುತ್ತಾ ಸಾರ್? ಬರೀ ಕಪ್ಪು, ಬೂದು ಇರೋ ಇಂಕ್ ಸೆಟ್ ಹಾಕಿ. ಪೇಪರ್ ಹತ್ತೀದು ತಗೊಳ್ಳಿ. ಮಿರುಗಲ್ಲ, ಕಪ್ಪೂ ಅಷ್ಟು ಗಾಢ ಬರಲ್ಲ. ಆದ್ರೆ ಚರ್ಮ ಚರ್ಮದ ಹಾಗೇ ಇರುತ್ತೆ. ಯಾರದು ಫೋಟೋ?"

"ನಮ್ಮತ್ತೇದು," ಎಂದ. ಎರಡನ್ನೂ ಕಟ್ಟಿಸಿಕೊಂಡ.

ಹಳೆಯ ಬಣ್ಣವೆಲ್ಲ ಹರಿದುಹೋಗುವವರೆಗೆ ಪ್ರಿಂಟರ್ ತೊಳೆಯುವುದರಲ್ಲಿ ಮಧ್ಯಾಹ್ನ ಕಳೆಯಿತು. ಆಮೇಲೆ ದಪ್ಪ ಹಾಳೆ ಒಂದೊಂದೇ ಗೆರೆಯಾಗಿ ಹೊರಬಂತು. ನೆರೆಗೂದಲು, ಹಣೆಯ ಸುಕ್ಕು, ನಗೆಗೆ ಕಿರಿದಾದ ಕಣ್ಣು. ಅತ್ತೆಯ ಹಿಂದೆ, ಮಿರುಗುವ ಹಾಳೆಯಲ್ಲಿ ಬರೀ ಕಪ್ಪಾಗಿದ್ದ ಕಡೆ ಈಗ ಒಂದು ಬಾಗಿಲಿತ್ತು. ಬಾಗಿಲಲ್ಲಿ, ನಗುತ್ತ ಬಾಯಿಗೆ ಕೈ ಅಡ್ಡ ಹಿಡಿದು ಹೆಂಡತಿ ನಿಂತಿದ್ದಳು.

ಆ ಮೂಲೆಯನ್ನು ಕಪ್ಪಾಗಿಸಿ ಇನ್ನೊಂದು ಪ್ರಿಂಟ್ ಹಾಕುವುದು ನಿಮಿಷದ ಕೆಲಸ. ಅವನು ಕಂಪ್ಯೂಟರಿನ ಮುಂದೆ ಕೂತ. ಸುಮ್ಮನೆ ಎದ್ದ.

ಸಂಜೆ ಬಂದವಳು ಹಾಳೆಯನ್ನು ಅಂಚಿನಲ್ಲಷ್ಟೇ ಹಿಡಿದು ಬಹಳ ಹೊತ್ತು ನೋಡಿದಳು. "ನಾನೂ ಇದ್ದೀನಾ ಇದ್ರಲ್ಲಿ?"

"ಬೇಡ ಅಂದ್ರೆ ತೆಗೆದುಕೊಡ್ತೀನಿ."

ತೆಗೆಯುವುದು ಬೇಡವೆಂದು ಅವಳು ತಲೆಯಾಡಿಸಿದಳು. "ಅವತ್ತು ಅಮ್ಮನ್ನ ನಗಿಸಿದ್ದು ನಾನು ಅಂತಲೇ ಅಂದ್ಕೊಂಡಿದ್ದೆ. ನಾನು ಹಿಂದೆ ಇದ್ದೀನಿ. ಅಮ್ಮ ನಿಮ್ಮನ್ನ ನೋಡಿ ನಗ್ತಿದ್ದಾರೆ."

ಅವನು ಒಂದು ರಟ್ಟು ತಂದು ಮುಂದಿಟ್ಟ. "ಇನ್ನೂ ಪೂರ್ತಿ ಒಣಗಿಲ್ಲ. ಸುತ್ತಬಾರದು," ಎಂದ.

ಅವಳು ರಟ್ಟಿನ ಮೇಲೆ ಫೋಟೋ ಮಲಗಿಸಿ, ಎರಡೂ ಅಂಗೈ ಮೇಲೆ ಹೊತ್ತು ಮೆಟ್ಟಿಲಿಳಿದು ಹೋದಳು. ಕಿಟಕಿಯಿಂದ ನೋಡಿದ. ಅವಳು ಆಟೋಗೆ ಕಾಯುತ್ತ ರಸ್ತೆಯಂಚಿನಲ್ಲಿ ನಿಂತೇ ಇದ್ದಳು. ವಾಹನವೊಂದು ಹಾದಾಗಲೆಲ್ಲ ಬೆನ್ನು ತಿರುಗಿಸಿ ಹಾಳೆಗೆ ಧೂಳು ತಾಗದಂತೆ ಅಡ್ಡ ನಿಲ್ಲುತ್ತಿದ್ದಳು.